ಕಾಯಿ ಹೊಡೆದ ಕಾರು

ಜೂನ್ ತಿಂಗಳ ಒಂದು ಬೆಳಗಿನ ಜಾವ ನಮ್ಮನೆ ಅಂಗಳದಲ್ಲಿ ‘ಧಡಂ’ ಎಂದು ಸದ್ದಾಯಿತು. ಕುಮಟೆಯ ಮಳೆಗಾಲದಲ್ಲಿ ಸದ್ದಿಗೇನೂ ಬರಗಾಲವಿಲ್ಲ. ಗುಡುಗೋ, ಹಾರಿದ ಹೆಂಚೋ, ಮುರಿದ ಹಲಸಿನ ಟೊಂಗೆಯೋ ಇರಬೇಕು ಎಂದು ಕಂಬಳಿ ಎಳೆದುಕೊಂಡೆ. ಬೆಳಗಾದ ಮೇಲೆ ನೋಡಿದರೆ ಕಾರಿನ ನೆತ್ತಿಯ ಮೇಲೆ ದೋಸೆ ಹಿಟ್ಟಿನ ಪಾತ್ರೆ ಕೂರಿಸುವಷ್ಟು ಗುಂಡಿ. ಪಕ್ಕದಲ್ಲೇ ಒಂದು ತೆಂಗಿನಕಾಯಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಿದ್ದುಕೊಂಡಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ಕಾಯಿ ಕೊಯ್ಯುವವನಿಗೆ ಶಿವರಾತ್ರಿಯಿಂದ ಹೇಳುತ್ತಲೇ ಇದ್ದೆ. ಅವನೂ ‘ನಾಳೆ ಬತ್ತೆ’ ಎನ್ನುತ್ತಲೇ ಇದ್ದ. ಕೊನೆಗೆ ಕಾಯಿಯೇ ಬೇಸತ್ತು ಇಳಿದು ಬಂತು.

ಪುಣ್ಯಕ್ಕೆ ವಿಮೆ ಇತ್ತು. ಫಾರಂನಲ್ಲಿ ‘ಹೇಗಾಯಿತು’ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕಿತ್ತು. ನಾನು ಕನ್ನಡ ಮಾಧ್ಯಮದ ಹುಡುಗ. ಹುಡುಗ ಅಂದರೆ ಈಗ 58. ಕಾಯಿ ಕಾರಿಗೆ ಹೊಡೆಯಿತು, ಹೊಡೆಯುವುದಕ್ಕೆ ಇಂಗ್ಲಿಷಿನಲ್ಲಿ ಬೀಟ್. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಆ ಶಬ್ದವನ್ನು ನಮ್ಮ ಮಾಸ್ತರರು ಬೆತ್ತ ಹಿಡಿದು ಉದಾಹರಣೆ ಸಮೇತ ಕಲಿಸಿದ್ದರು. ‘ದಿ ಕೋಕನಟ್ ಬೀಟ್ ಮೈ ಕಾರ್’ ಎಂದು ದುಂಡಗೆ ಬರೆದು ಕಳಿಸಿದೆ.

ಮೂರನೇ ದಿನ ಹುಬ್ಬಳ್ಳಿಯಿಂದ ಫೋನು. “ಸರ್, ಒಂದ ಡೌಟ್ ಐತ್ರಿ. ಕಾಯಿ ಎಷ್ಟ್ ಸಲ ಹೊಡೀತ್ರಿ?”

“ಒಂದೇ ಸಲ.”

“ಹಂಗಲ್ರೀ, ನೀವು ಬರದಿದ್ದು ನೋಡಿದ್ರ ಮ್ಯಾಲಿಂದ ಮ್ಯಾಲೆ ಬಡದಂಗ ಐತಿ. ಅದಕ್ಕ ಕೇಳಿದೆ.” ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಇನ್ನೊಂದು ಸಲ ಸರಿಯಾಗಿ ಬರೆದು ಕಳಿಸಿ ಎಂದರು.

ಶಿರಸಿಯಲ್ಲಿ ಇಂಗ್ಲಿಷ್ ಪಾಠ ಮಾಡುವ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ನಗು ಮುಗಿಸಲು ಒಂದು ನಿಮಿಷ ತೆಗೆದುಕೊಂಡಳು. ಬೀಟ್ ಅಂದರೆ ಒಂದೇಟಲ್ಲ, ಏಟಿನ ಮೇಲೆ ಏಟು. ಅದಕ್ಕೇ ಎದೆಬಡಿತಕ್ಕೂ, ತಾಳಕ್ಕೂ ಅದೇ ಶಬ್ದವಂತೆ. ಸೋಲಿಸುವುದಕ್ಕೂ ಅದೇ. ಅಂದರೆ ನನ್ನ ಕಾರು ತೆಂಗಿನಕಾಯಿಯ ಕೈಲಿ ಪಂದ್ಯ ಸೋತಿದೆ ಅಂತಲೂ ಆಗುತ್ತದೆ. ಅದು ಸುಳ್ಳೇನಲ್ಲ ಬಿಡಿ.

“ಇನ್ನೂ ಕೇಳು ಮಾವ. ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್ ‘ಬೀಟನ್’ ಅಂದ್ರೆ ಏನು?”

ಚೆಂಡು ಬ್ಯಾಟಿಗೆ ತಾಗಲೇ ಇಲ್ಲ ಅಂತ! ನನಗೆ ಬೆವರಿತು. ಆ ಹುಬ್ಬಳ್ಳಿಯವರು ಕ್ರಿಕೆಟ್ ಪ್ರಿಯರಾಗಿದ್ದರೆ ಕಾಯಿ ಕಾರಿಗೆ ತಾಗದೇ ಹೋಗಿದೆ, ದುಡ್ಡು ಕೊಡಬೇಕಾಗಿಲ್ಲ ಎಂದು ಫೈಲು ಮುಚ್ಚುತ್ತಿದ್ದರು.

ಹಾಗಾದರೆ ನಾಕ್ ಎಂದು ಹಾಕಲೇ ಎಂದೆ. “ಯಾರ್ರೀ ಒಳಗೆ, ಬಾಗಿಲು ತೆಗೀರಿ ಅಂತ ಕಾಯಿ ಕಾರಿನ ಮೇಲೆ ತಟ್ಟಿತಾ?” ಸ್ಲ್ಯಾಪ್? ಅದಕ್ಕೆ ಅಂಗೈ ಬೇಕು. ಪಂಚ್? ಅದಕ್ಕೆ ಮುಷ್ಟಿ ಬೇಕು. ಕಿಕ್ ಕೇಳುವ ಧೈರ್ಯ ಬರಲಿಲ್ಲ. ಸ್ಟ್ರೈಕ್ ಆಗಬಹುದು, ಆದರೆ ಸ್ವಲ್ಪ ಗತ್ತಿನ ಶಬ್ದ, ಸಿಡಿಲಿಗೆ ಚೆಂದ ಎಂದಳು. ನಮ್ಮ ಕಡೆ ಸ್ಟ್ರೈಕ್ ಅಂದರೆ ಬಸ್ಸು ಬರುವುದಿಲ್ಲ ಅಂತ. ಕೋಕನಟ್ ಸ್ಟ್ರೈಕ್ ಎಂದರೆ ಕಾಯಿ ಮರದಲ್ಲೇ ಕೂತು ಧಿಕ್ಕಾರ ಕೂಗಿದ ಹಾಗಾಗುವುದಿಲ್ಲವೇ?

ಅದಕ್ಕೂ ಅವಳ ಹತ್ತಿರ ಕಥೆ ಇತ್ತು. 1768ರಲ್ಲಿ ಲಂಡನ್ ಬಂದರಿನ ನಾವಿಕರು ಕೂಲಿ ಸಾಲದೆಂದು ಹಡಗುಗಳ ಹಾಯಿ ಕೆಳಗಿಳಿಸಿಬಿಟ್ಟರಂತೆ. ಹಾಯಿ ಇಳಿಸುವುದಕ್ಕೂ ಇಂಗ್ಲಿಷಿನಲ್ಲಿ ಸ್ಟ್ರೈಕ್ ಎನ್ನುತ್ತಾರೆ. ಮುಷ್ಕರಕ್ಕೆ ಆ ಹೆಸರು ಅಂಟಿಕೊಂಡಿದ್ದು ಅಲ್ಲಿಂದ. ಕಾರವಾರದಿಂದ ಭಟ್ಕಳದವರೆಗೆ ಸಮುದ್ರ ನೋಡಿಕೊಂಡೇ ಬೆಳೆದವರಿಗೆ ಇದನ್ನು ಘಟ್ಟದ ಮೇಲಿನವಳು ಹೇಳಬೇಕಾಯಿತಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು.

“ಹಿಟ್ ಅಂತ ಹಾಕು ಮಾವ, ಸಾಕು.”

“ಹಿಟ್ಟಾ?” ಎಂದು ನಾನು ಜೋರಾಗಿ ಕೇಳಿದ್ದಕ್ಕೆ ಒಳಗಿನಿಂದ ಇವಳು, “ಹಿಟ್ಟು ಇನ್ನೂ ಉಬ್ಬಲಿಲ್ಲ, ತಿಂಡಿಗೆ ಅವಲಕ್ಕಿಯೇ” ಎಂದಳು.

ಹಿಟ್ ಎಂಬ ಶಬ್ದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದಂತೆ. ಅಲ್ಲಿ ಅದರ ಅರ್ಥ ಎದುರಾಗು, ಸಿಗು ಅಂತ. ಕಾಯಿಗೂ ಕಾರಿಗೂ ಭೇಟಿಯಾಯಿತು! ಫಿಸಿಕ್ಸ್ ಓದುವ ಅವಳ ಮಗ ಪಕ್ಕದಲ್ಲೇ ಲೆಕ್ಕ ಹಾಕಿದ: 15 ಮೀಟರ್ ಎತ್ತರದಿಂದ ಬಿದ್ದರೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ. ನಾನು ಆ ಕಾರನ್ನು ಐವತ್ತರ ಮೇಲೆ ಓಡಿಸಿದವನೇ ಅಲ್ಲ.

ತಪ್ಪು ನನ್ನದಲ್ಲ, ನಮ್ಮ ‘ಹೊಡೆ’ಯದು. ನಾವು ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ. ಒಣಮೀನು ವಾಸನೆ ಹೊಡೆಯುತ್ತದೆ. ಶಿರಸಿ ಕಡೆಯವರು ಮಳೆಗಾಲ ಬಂತೆಂದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಾರೆ. ಇದರಲ್ಲೆಲ್ಲ ಯಾರಿಗೂ ಪೆಟ್ಟಾಗುವುದಿಲ್ಲ. ಕಣ್ಣು ಹೊಡೆದರೆ ಮಾತ್ರ ಆಗಬಹುದು, ಅದೂ ಹೊಡೆದವನಿಗೇ.

ಹಾಗಂತ ಕನ್ನಡಕ್ಕೆ ಸೂಕ್ಷ್ಮ ಗೊತ್ತಿಲ್ಲ ಅಂತ ತಿಳಿಯಬೇಡಿ. ಅವತ್ತೇ ಸಂಜೆ ಇವಳು ಚಹಾಕ್ಕೆ ಶುಂಠಿ ಜಜ್ಜಿ ಕೊಡಿ ಎಂದಳು. ಕಾರಿನ ಸಿಟ್ಟೂ ಇತ್ತಲ್ಲ, ಸ್ವಲ್ಪ ಜಾಸ್ತಿಯೇ ಹೊಡೆದೆ. “ಜಜ್ಜಿ ಅಂದ್ರೆ ಕುಟ್ಟಿ ಇಟ್ಟಿದ್ರಲ್ಲ!” ಎಂದು ಬೈಸಿಕೊಂಡೆ. ಅಡುಗೆಮನೆಯಲ್ಲಿ ಜಜ್ಜುವುದು, ಕುಟ್ಟುವುದು, ಗುದ್ದುವುದು, ತಟ್ಟುವುದು ಬೇರೆ ಬೇರೆ ಇಲಾಖೆಗಳು. ಒಂದರ ಕಡತ ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಫೇಲಾದವನು ಒಂದೇ ದಿನ ಕನ್ನಡದಲ್ಲೂ ಫೇಲಾದೆ.

ಹಿಟ್ ಎಂದು ಬರೆದು ಕಳಿಸಿದ ಹತ್ತು ದಿನಕ್ಕೆ ಸರ್ವೇಯರ್ ಬೈಕಿನಲ್ಲಿ ಬಂದರು. ಕಾರವಾರದಿಂದ ಮಳೆಯಲ್ಲಿ ನೆನೆದುಕೊಂಡು ಬಂದವರನ್ನು ಹಾಗೇ ನಿಲ್ಲಿಸಿಕೊಳ್ಳಲಾಗುತ್ತದೆಯೇ? ಇವಳು ದೋಸೆ ಬಡಿಸಿದಳು. ತಿನ್ನುತ್ತಲೇ ಅವರು ರಿಪೋರ್ಟ್ ಬರೆದರು. ಬಗ್ಗಿ ನೋಡಿದೆ. ಹಿಟ್ ಇಲ್ಲ, ಬೀಟ್ ಇಲ್ಲ. ‘ಕೋಕನಟ್ ಫೆಲ್ ಆನ್ ರೂಫ್’, ಅಷ್ಟೇ. ಕಾಯಿ ಬಿತ್ತು! ನನಗೆ ಇದು ಹೊಳೆಯಲೇ ಇಲ್ಲವಲ್ಲ.

“ಸರಿ, ಇನ್ನೊಂದು ಫೋಟೋ ಬೇಕು. ಆ ಕಾಯಿ ಇದೆಯಾ?” ಎಂದು ಮೊಬೈಲ್ ತೆಗೆದರು.

“ಬೆಳಿಗ್ಗೆ ಒಡೆದೆ” ಎಂದಳು ಇವಳು.

“ಯಾರಿಗೆ ಹೊಡೆದ್ರಿ?” ಅವರು ಗಾಬರಿಯಾದರು.

“ಹೊಡೀಲಿಲ್ಲ, ಒಡೆದೆ. ನಿಮ್ಮ ತಟ್ಟೆಯಲ್ಲೇ ಇದೆಯಲ್ಲ, ಚಟ್ನಿ.”

ಅವರು ತಟ್ಟೆ ನೋಡಿದರು, ಮೊಬೈಲ್ ಜೇಬಿಗೆ ಹಾಕಿಕೊಂಡರು. ಆಮೇಲೆ ಕಿಟಕಿಯಾಚೆ ಮರದ ತುದಿಯನ್ನು ಒಮ್ಮೆ ನೋಡಿದವರೇ, ಅರ್ಧ ದೋಸೆ ಬಿಟ್ಟು ಎದ್ದು ಹೋಗಿ ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ ಬಂದರು.