ಜೀನಿಗೊಂದು ಬಾಟ್ಲಿ

ಟೊಮೆಟೊ ಗಿಡದಲ್ಲಿ ಸುಮಾರು 35 ಸಾವಿರ ಜೀನುಗಳಿವೆ. ದೇಶದಲ್ಲಿ ಹೇಳುವವರು ಕೇಳುವವರಿಲ್ಲದೆ ಮಾರಾಟವಾಗುತ್ತಿದ್ದ ಜೈವಿಕ ಉತ್ತೇಜಕಗಳು, ಅಂದರೆ ಬೆಳೆ ಚುರುಕಾಗಲೆಂದು ಹೊಡೆಯುವ ಬಾಟ್ಲಿಗಳು, ಸುಮಾರು 30 ಸಾವಿರ ಎಂದು 2025ರಲ್ಲಿ ಕೇಂದ್ರ ಕೃಷಿ ಸಚಿವರೇ ಹೇಳಿದರು. ಇನ್ನೈದು ಸಾವಿರ ಬಂದಿದ್ದರೆ ಜೀನಿಗೊಂದು ಬಾಟ್ಲಿ ಆಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆಯ ಗೊಬ್ಬರದಂಗಡಿಯೊಂದಕ್ಕೆ ಎಲೆ ಮುದುಡಿ ಮುಟುರು ಬಿದ್ದ ಮೆಣಸಿನಗಿಡದ ಟೊಂಗೆ ಹಿಡಿದು ಹೋಗಿ ನೋಡಿ. ಮಾಲೀಕ ಅದನ್ನು ಮುಟ್ಟುವುದೂ ಇಲ್ಲ. "ಹಾರ್ಮೋನ್ ಕಮ್ಮಿ ಆಗೈತಣ್ಣ" ಎಂದು ಹಸಿರು ಬಾಟ್ಲಿ ಇಳಿಸುತ್ತಾನೆ. ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್ ಹುಳು, ಕೆಳಮುಖವಾದರೆ ಮೈಟ್ ನುಸಿ ಎಂಬ ತಕರಾರೆಲ್ಲ ಅಲ್ಲಿ ನಡೆಯುವುದಿಲ್ಲ. ಲೇಬಲ್ಲಿನ ಮೇಲೆ ಮೆಣಸಿನಕಾಯಿ, ಟೊಮೆಟೊ, ಬದನೆ, ಆಲೂಗಡ್ಡೆ ಮದುವೆಮನೆಯ ಬೀಗರಂತೆ ಒತ್ತಾಗಿ ನಿಂತಿವೆ.

"ಎಲ್ಲದಕ್ಕೂ ಒಂದೇ ಎಣ್ಣಿ ಏನ್ರೀ?"

"ಎಲ್ಲಾ ಒಂದೇ ಮನೆತನ ಅಲ್ಲೇನಣ್ಣ!"

ಮನೆತನ ಒಂದೇ, ಸುಳ್ಳಲ್ಲ. ಸೊಲನೇಸಿ ಕುಟುಂಬ, ನಾಲ್ಕಕ್ಕೂ ಕ್ರೋಮೋಸೋಮಿನ ಮೂಲ ಸಂಖ್ಯೆ 12. ಆಲೂಗಡ್ಡೆಯ ಜಿನೋಮ್, ಅಂದರೆ ಜೀನುಗಳ ಪೂರ್ತಿ ನಕ್ಷೆ, 2011ರಲ್ಲಿ, ಟೊಮೆಟೊದ್ದು 2012ರಲ್ಲಿ, ಮೆಣಸಿನಕಾಯಿಯದು 2014ರಲ್ಲಿ ಪ್ರಕಟವಾಯಿತು. ಹಾರ್ಮೋನು ತಯಾರಿಸುವ ಯಾವ ಜೀನು ಯಾರ ಮನೆಯಲ್ಲಿ ಎಷ್ಟಿವೆ, ಯಾವ ಹೊತ್ತಿಗೆ ಎಚ್ಚರಾಗುತ್ತವೆ ಎಂದು ವಿಜ್ಞಾನಿಗಳು ಇನ್ನೂ ತಾಳೆ ಹಾಕುತ್ತಲೇ ಇದ್ದಾರೆ. ಪಾಪ, ಕುರುಗೋಡಿನ ಬಸ್ಸು ಹತ್ತಿದ್ದರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಆದರೆ ಅಣ್ಣತಮ್ಮಂದಿರು ಒಂದೇ ಥರ ಇರಬೇಕಲ್ಲ! ಹಣ್ಣು ಮಾಗಿಸುವ ಹಾರ್ಮೋನು ಎಥಿಲೀನ್. ಅದನ್ನು ತಯಾರಿಸುವ ಎಸಿಸಿ ಸಿಂಥೇಸ್, ಎಸಿಸಿ ಆಕ್ಸಿಡೇಸ್ ಎಂಬ ಕಿಣ್ವಗಳ ಜೀನುಗಳು ಟೊಮೆಟೊದಲ್ಲೂ ಇವೆ, ಮೆಣಸಿನಕಾಯಿಯಲ್ಲೂ ಇವೆ. ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಎಥಿಲೀನನ್ನೇ ಎಬ್ಬಿಸುತ್ತ ಗದ್ದಲ ಹಾಕುತ್ತದೆ. ನಮ್ಮ ಬ್ಯಾಡಗಿ ತಳಿ ಅಂಥ ಆರ್ಭಟವಿಲ್ಲದೆ ಕೆಂಪಾಗುತ್ತದೆ. ಆಲೂಗಡ್ಡೆಯದು ಇನ್ನೊಂದು ರಗಳೆ: ಗಡ್ಡೆ ಕಟ್ಟಬೇಕಾದರೆ ಜಿಬ್ಬರೆಲಿನ್ ಎಂಬ ಹಾರ್ಮೋನು ಇಳಿಯಬೇಕು. ಬಾಟ್ಲಿಯಲ್ಲಿ ಅದೇ ಇದ್ದರೆ ಗಡ್ಡೆಗೆ ಕಲ್ಲು ಹಾಕಿದಂತೆಯೇ.

ಹಾರ್ಮೋನ್ ಎಂಬುದೆಲ್ಲ ಮೋಸ ಅಂತಲ್ಲ. ಮೆಣಸಿನ ಹೂ ಉದುರದಿರಲೆಂದು ಕೃತಕ ಹಾರ್ಮೋನಾದ ಎನ್‌ಎಎ ಹೊಡೆಯುವುದಕ್ಕೆ ಆಧಾರವಿದೆ. ಸೇಬಿನ ತೋಟದವರು ಅದೇ ಎನ್‌ಎಎಯನ್ನು ಹೆಚ್ಚಾದ ಕಾಯಿ ಉದುರಿಸಲೆಂದೇ ಹೊಡೆಯುತ್ತಾರೆ. ಅಳತೆಯೇ ಎಲ್ಲ. ನಮ್ಮಲ್ಲಿ ಅಳತೆ ಅಂದರೆ ಬಾಟ್ಲಿಯ ಮುಚ್ಚಳ. ಎರಡು ಹಾಕಿ, ಮನಸ್ಸು ತಡೆಯದೆ ಇನ್ನೊಂದು.

2021ರಲ್ಲಿ ಈ ಉತ್ತೇಜಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದರು. ಬಿಗಿ ಮಾಡುತ್ತ ಬಂದಂತೆ 30 ಸಾವಿರವಿದ್ದದ್ದು 8 ಸಾವಿರವಾಗಿ, ಕೊನೆಗೆ 650ರ ಆಸುಪಾಸಿಗೆ ಇಳಿಯಿತೆಂದು ಅದೇ ಸಚಿವರ ಲೆಕ್ಕ. ಹಸಿರು ಬಾಟ್ಲಿ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಮಾಲೀಕ ಕ್ಯಾಲ್ಕ್ಯುಲೇಟರಿನಿಂದ ಕಣ್ಣೆತ್ತಲಿಲ್ಲ.

"ಪಟ್ಟಿ ಡೆಲ್ಲಿಯಾಗ ಐತಣ್ಣ, ಮಾಲು ಇಲ್ಲಿ ಐತಿ. ಎಷ್ಟು ಕೊಡ್ಲಿ?"