ಮಣೆ ಇದೆ, ಎದುರಾಳಿ ಎಲ್ಲಿ?

ದಸರಾ ರಜೆಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹಳೇ ಆಟಗಳ ಪ್ರದರ್ಶನ ಇಡೋಣ ಅಂತ ಮಾತು ನಡೆದಿದೆ. ಒಳ್ಳೆಯದೇ. ಆದರೆ ವಾಟ್ಸಾಪ್ ಗುಂಪಿಗೆ ಬಂದ ಪಟ್ಟಿ ನೋಡಿ ಪಿಚ್ಚೆನಿಸಿತು. ಗಾಜಿನ ಪೆಟ್ಟಿಗೆಯಲ್ಲಿ ಅಳಗುಳಿಮಣೆ, ಆಟಕ್ಕೊಂದರಂತೆ ಫ್ಲೆಕ್ಸು, ಅದರ ಮೇಲೆ 'ಏಕಾಗ್ರತೆ ಹೆಚ್ಚುತ್ತದೆ, ಗಣಿತ ಕಲಿಸುತ್ತದೆ' ಅನ್ನುವ ಒಕ್ಕಣೆ, ಮೂಲೆಯಲ್ಲೊಂದು ಕ್ಯೂಆರ್ ಕೋಡ್, ಕೊನೆಗೆ ಸೆಲ್ಫಿ ಪಾಯಿಂಟ್. ಇದ್ಯಾವುದೂ ಬೇಡ ಅಂತ ಅಲ್ಲೇ ಬರೆದೆ. ಯಾಕೆ ಅಂತ ಕೇಳಿದವರಿಗೆ ಇಲ್ಲಿ ಸ್ವಲ್ಪ ಉದ್ದದ ಉತ್ತರ.

ಗಂಜೀಫಾ ತಗೊಳ್ಳಿ, ಇಸ್ಪೀಟಿನ ಹಾಗೆ ಎಲೆ ಹಿಡಿದು ಆಡುವ ಹಳೇ ಆಟ. ಮೈಸೂರಿನ ಗಂಜೀಫಾ ಎಲೆಗಳಿಗೆ ಜಿಐ ಟ್ಯಾಗ್ (ಊರಿನ ವಿಶೇಷ ಅನ್ನುವ ಸರ್ಕಾರಿ ಮುದ್ರೆ) ಇದೆ, ಬರೆಯುವ ಕಲಾವಿದರಿದ್ದಾರೆ, ಕೊಳ್ಳುವವರೂ ಇದ್ದಾರೆ. ದಶಾವತಾರದ ಒಂದು ಕಟ್ಟಿಗೆ 120 ದುಂಡನೆಯ ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು: ರಾಜ, ಮಂತ್ರಿ, ಮಿಕ್ಕ ಹತ್ತು ಎಣಿಕೆಯವು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ' ಗ್ರಂಥದಲ್ಲಿ 'ಕೌತುಕನಿಧಿ' ಅಂತ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟವರು, ತಾವೇ ಹೊಸ ಬಗೆಯ ಎಲೆಗಳನ್ನು ರೂಪಿಸಿದವರು. ಅರಮನೆಯ ಆಸರೆ, ಪುಸ್ತಕ, ಬಣ್ಣ ಎಲ್ಲಾ ಸಿಕ್ಕಿದ ಆಟ ಇದು. ಈಗ ಹೇಳಿ, ಗಂಜೀಫಾ ಆಡಲು ಬರುವವರು ನಿಮ್ಮ ಬಳಗದಲ್ಲಿ ಎಷ್ಟು ಜನ ಇದ್ದಾರೆ? ಚಿತ್ರ ಉಳೀತು, ಫ್ರೇಮ್ ಹಾಕಿಸಿಕೊಂಡು ಗೋಡೆ ಹತ್ತಿತು. ಆಡುವವರು ಹೋದರು.

ಅದೇ ಚೌಕಾಬಾರ ನೋಡಿ. ಸೀಮೆಸುಣ್ಣವೋ ಇದ್ದಿಲೋ ಸಿಕ್ಕರೆ ನೆಲದ ಮೇಲೆ 25 ಮನೆ ಗೀಚಬಹುದು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ಸಾಕು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬಿಳಿ ಬರಿಸಬೇಕು. ಹಾಗೆ ಉಜ್ಜುವಾಗ ಕಾದ ಬೀಜವನ್ನು ಪಕ್ಕದಲ್ಲಿ ಕೂತವರ ತೋಳಿಗೆ ಚುರ್ರ್ ಅನ್ನಿಸಿ ಓಡುವುದೂ ಆಟದ ಭಾಗವೇ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಇಷ್ಟು ಸಾಮಾನು ಯಾರ ಮನೆಯಲ್ಲಿ ಇಲ್ಲ? ಆನ್‌ಲೈನಲ್ಲಿ ತರಿಸಿದ ಚಂದದ ಮರದ ಮಣೆಗಳು ಎಷ್ಟೋ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ದೂಳು ತಿನ್ನುತ್ತಿವೆ. ಕೊರತೆ ಇರುವುದು ಎದುರಿಗೆ ಕೂತು ಆಡುವವರದ್ದು.

ಹಾಗಾಗಿ ಪ್ರದರ್ಶನ ಮಾಡುವವರ ಮೊದಲ ಕೆಲಸ ಎದುರಾಳಿಯನ್ನು ಒದಗಿಸುವುದು. ಪ್ರತಿ ಮಣೆಯ ಮುಂದೆ ಒಬ್ಬರು ಕೂತಿರಬೇಕು. ಕಾಲೇಜು ಹುಡುಗರಿಗೆ ಟೀಶರ್ಟ್ ಹಾಕಿಸಿ ನಿಯಮ ಬಾಯಿಪಾಠ ಮಾಡಿಸಿದರೆ ಸಾಲದು. ಮಗು ಅಂತ ಕನಿಕರ ತೋರಿಸದೆ ಕಾಯಿ ಕಡಿದು, 'ಹೋಯ್ತಾ!' ಅಂತ ನಗುವ ಅಜ್ಜಿ ಬೇಕು. ಹಾಗೆ ಸೋತ ಹುಡುಗ 'ಇನ್ನೊಂದ್ಸಲ' ಅಂತಾನೆ. ಫ್ಲೆಕ್ಸಿನ ದುಡ್ಡು ಆ ಅಜ್ಜಿಯ ಆಟೋ ಖರ್ಚಿಗೆ ಹೋಗಲಿ. ಅವರಿಗೆ ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕೂರಲು ಆಗುವುದಿಲ್ಲ, ಮಂಡಿ ನೋವು. ಮಣೆ ಮೇಜಿನ ಎತ್ತರಕ್ಕೆ ಬರಲಿ. 'ಸಂಪ್ರದಾಯ' ಅಂತ ನೆಲವೇ ಬೇಕು ಅನ್ನುವವರು ತಾವೇ ಒಂದು ಗಂಟೆ ಕೂತು ತೋರಿಸಲಿ!

ಆಟಗಳ ಆಯ್ಕೆಯಲ್ಲೂ ವಿವೇಕ ಬೇಕು. ಪಗಡೆ ಗಂಟೆಗಟ್ಟಲೆ ಎಳೆಯುತ್ತದೆ, ಪಾರ್ಕಿಗೆ ಆಗಿಬರುವುದಿಲ್ಲ. ಹುಲಿ-ಕುರಿ ಆಟ ಇದಕ್ಕೆ ಹೇಳಿ ಮಾಡಿಸಿದ್ದು. ಮೂರು ಹುಲಿ, ಹದಿನೈದು ಕುರಿ. ಕುರಿಯವನು ಒಂದೊಂದಾಗಿ ಇಡುತ್ತಾ ಹೋಗಬೇಕು, ಹುಲಿ ಹಾರಿ ತಿನ್ನಲು ಆಚೆ ಬದಿ ಖಾಲಿ ಇರಬೇಕು. ಎರಡು ನಿಮಿಷ ನಿಂತು ನೋಡಿದವರಿಗೂ ತಿಳಿದುಬಿಡುತ್ತದೆ, ಆಮೇಲೆ ಅವರ ಬಾಯಿ ಸುಮ್ಮನಿರುವುದಿಲ್ಲ. 'ಅಯ್ಯೋ, ಅಲ್ಲಿಡಬೇಡ್ರೀ' ಅನ್ನುವವರಿಗೆ ನಿಲ್ಲಲು ಸುತ್ತ ಜಾಗ ಇರಬೇಕು. ಹಗ್ಗ ಕಟ್ಟಬಾರದು.

ಇನ್ನು ನಿಯಮ. ಒಂದೇ 'ಅಧಿಕೃತ' ನಿಯಮ ಅಚ್ಚು ಹಾಕಿಸುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ಚೌಕಾಬಾರದಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅನ್ನುತ್ತದೆ ಒಂದು ಊರು, ಹೋಗಬಹುದು ಅನ್ನುತ್ತದೆ ಇನ್ನೊಂದು. ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಕಡಿಯಬಹುದೋ ಬಾರದೋ ಅನ್ನುವುದಕ್ಕೆ ಮನೆ ಮನೆಯಲ್ಲೇ ಜಗಳ. ಒಂದು ಕರಿಹಲಗೆ ನಿಲ್ಲಿಸಿ, 'ನಮ್ಮೂರಲ್ಲಿ ಹೀಗೆ' ಅಂತ ಬಂದವರೇ ಬರೆಯಲಿ. ಕೊನೆಯ ದಿನ ಅದರ ಫೋಟೋ ತೆಗೆದಿಟ್ಟರೆ ಅದೇ ಒಳ್ಳೆ ದಾಖಲೆ.

ಅಂದಹಾಗೆ ಆ ಏಕಾಗ್ರತೆಯ ಒಕ್ಕಣೆ. ಅಳಗುಳಿಮಣೆಯನ್ನೇ ತುಳುನಾಡಿನಲ್ಲಿ ಚೆನ್ನೆಮಣೆ ಅನ್ನುತ್ತಾರೆ. ಅದರಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ, ಆಟಿ ತಿಂಗಳ ಮಳೆಯಲ್ಲಿ ಒಳಗೆ ಕೂತು ಆಡುವ ಆಟ. ಸಿರಿ ಪಾಡ್ದನ ಅನ್ನುವ ತುಳು ಜನಪದ ಕಥನಗೀತೆಯಲ್ಲಿ ಅಬ್ಬಗ-ದಾರಗ ಅನ್ನುವ ಅವಳಿ ಸೋದರಿಯರು ಚೆನ್ನೆ ಆಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ, ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುವ ನಂಬಿಕೆಯೂ ಇದೆ. ಇಂಥ ಕತೆ ಕೈಯಲ್ಲಿಟ್ಟುಕೊಂಡು 'ಬುದ್ಧಿ ಚುರುಕಾಗುತ್ತದೆ' ಅಂತ ಟಾನಿಕ್ ಮಾರುವ ಹಾಗೆ ಬರೆಯಬೇಕೇ?

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರ 'ಕ್ರೀಡಾ ಕೌಶಲ್ಯ' ಪ್ರದರ್ಶನದಲ್ಲಿ ನನಗೆ ಹಿಡಿಸುವುದು ಮಣೆ, ಕಾಯಿ ಕೊಂಡು ಮನೆಗೆ ಒಯ್ಯಬಹುದು ಅನ್ನುವುದು. ಆದರೂ ಪ್ರದರ್ಶನ ಅಂದಮೇಲೆ ಒಂದು ದಿನ ಮುಗಿಯುತ್ತದೆ. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಕೊರೆದ ಮಣೆಗಳನ್ನು ನೀವು ನೋಡಿರಬಹುದು. ಕೂತು ಕಾಯುವ ಜಾಗದಲ್ಲೇ ಜನ ಆಟ ಕೊರೆದುಕೊಂಡಿದ್ದರು. ಸಂರಕ್ಷಿತ ಸ್ಮಾರಕದಲ್ಲಿ ಇವತ್ತು ಹಾಗೆ ಮಾಡುವಂತಿಲ್ಲ, ಮಾಡಲೂಬಾರದು. ಆದರೆ ಬಸ್ ಸ್ಟ್ಯಾಂಡಿನ, ಪಾರ್ಕಿನ ಕಲ್ಲುಬೆಂಚಿನ ಮೇಲೆ ಹುಲಿ-ಕುರಿ ಮನೆ ಕೊರೆಸಲು ಏನಡ್ಡಿ? ಕಾಯಿಗೆ ಬೆಣಚುಕಲ್ಲು ಸಾಕು, ಕದ್ದೊಯ್ಯಲು ಏನೂ ಇರುವುದಿಲ್ಲ. 'ಜೂಜಾಡ್ತಾರೆ' ಅಂತ ಒಬ್ಬರು ಹೆದರಿಸಿದರು. ಜೂಜಾಡುವವರಿಗೆ ಇಸ್ಪೀಟು ಇದ್ದೇ ಇದೆ, ಕುರಿ ಮೇಯಿಸುತ್ತಾ ಕೂರುವ ತಾಳ್ಮೆ ಅವರಿಗಿಲ್ಲ.

ಸಂಘದವರು ಅರ್ಧ ಒಪ್ಪಿದ್ದಾರೆ. ಗಾಜಿನ ಪೆಟ್ಟಿಗೆ ಹೋಯಿತು, ಸೆಲ್ಫಿ ಪಾಯಿಂಟ್ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಚೌಕಾಬಾರಕ್ಕೆ ಇಬ್ಬರು ಅಜ್ಜಿಯರು ಸಿಕ್ಕಿದ್ದಾರೆ. ಚೆನ್ನೆಗೆ ಇನ್ನೂ ಯಾರೂ ಇಲ್ಲ. ಮಂಗಳೂರು, ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅಮ್ಮನೋ ಅತ್ತೆಯೋ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಆಟೋ, ಕಾಫಿ ನಮ್ಮದು. ಮಕ್ಕಳನ್ನು ಸೋಲಿಸಲು ಹಿಂಜರಿಯುವವರು ಮಾತ್ರ ಬೇಡ.