ಪರದೆ ನಿಧಾನವಾದರೆ ಮೊದಲು ಎಂಟಿಆರ್‌ಆರ್ ಸಾಲುಗಳನ್ನು ಓದಿ

ವಿರಾಜಪೇಟೆಯ ಸಮೀಪದ ನಮ್ಮ ಕಾಫಿ ತೋಟದಲ್ಲಿ ತಂದೆಯವರು ಪ್ರತಿದಿನ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳನ್ನು ನಾನು ಎರಡು ವರ್ಷಗಳಿಂದ ಪುಟಪುಟವಾಗಿ ಸ್ಕ್ಯಾನ್ ಮಾಡುತ್ತಿದ್ದೇನೆ. ಈ ಕೆಲಸಕ್ಕೆ ಬಳಸುವುದು ಲಿನಕ್ಸ್ ಹಾಕಿದ ಒಂದು ಹಳೆಯ ಡೆಸ್ಕ್‌ಟಾಪ್. ದೊಡ್ಡ ಚಿತ್ರಗಳನ್ನು ತೆರೆಯಲು ಅದರ 2 ಜಿಬಿ ರ‍್ಯಾಮ್ ಸಾಲದೆ ಬಂದಾಗ, ಕಳೆದ ಕಕ್ಕಡ ಮಾಸದ ಮಳೆಯಲ್ಲೇ ಮೈಸೂರಿನಿಂದ ತರಿಸಿ 4 ಜಿಬಿಗೆ ಏರಿಸಿದೆ. ಅಂದಿನಿಂದಲೇ ಪರದೆ ನಿಧಾನವಾಯಿತು. ಪುಟವನ್ನು ಮೇಲೆ ಸರಿಸಿದರೆ ಚಿತ್ರ ಪಟ್ಟಿಪಟ್ಟಿಯಾಗಿ ಮೂಡುತ್ತಿತ್ತು. ಕಿಟಕಿಯೊಂದನ್ನು ಎಳೆದರೆ ಅದರ ನೆರಳು ಹಿಂದೆಯೇ ಉಳಿದು ಬಹಳ ಹೊತ್ತಿನ ಮೇಲೆ ಅಳಿಯುತ್ತಿತ್ತು. ಲೆಕ್ಕ ಮಾಡುವ ಕೆಲಸಗಳೆಲ್ಲ ಮೊದಲಿನ ವೇಗದಲ್ಲೇ ನಡೆಯುತ್ತಿದ್ದವು.

ರಿಪೇರಿ ಅಂಗಡಿಯವರು ನೋಡಿ, "ಸರ್, ಗ್ರಾಫಿಕ್ಸ್ ಹೋಗಿದೆ, ಬೇರೆ ಕಾರ್ಡ್ ಹಾಕಿಸಿಬಿಡಿ" ಎಂದರು. ಬಂಧುವೊಬ್ಬರು ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಲು ಹೇಳಿದರು. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ರ‍್ಯಾಮ್ ಹೆಚ್ಚಿಸಿದ ದಿನವೇ ಪರದೆ ಕೆಟ್ಟಿತೆಂದರೆ, ಕಾರಣವನ್ನು ಪರದೆಯಲ್ಲಿ ಹುಡುಕುವ ಮೊದಲು ಸ್ಮೃತಿಯ (ಮೆಮೊರಿಯ) ವ್ಯವಸ್ಥೆಯಲ್ಲಿ ಹುಡುಕಬೇಕಲ್ಲವೇ? ಟರ್ಮಿನಲ್ ತೆರೆದು ಡಿಮೆಸೇಜ್ ಆದೇಶದಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಸಂದೇಶಗಳನ್ನು ತೆಗೆದೆ. ಅಲ್ಲಿ ಎಂಟಿಆರ್‌ಆರ್ ಹೆಸರಿನಲ್ಲಿ ಒಂದು 'ಟೈಪ್ ಮಿಸ್‌ಮ್ಯಾಚ್' ಸಾಲಿತ್ತು: ಹಳೆಯದು ರೈಟ್-ಬ್ಯಾಕ್, ಹೊಸದು ರೈಟ್-ಕಂಬೈನಿಂಗ್. ಅದರ ಬೆನ್ನಿಗೇ, ರೈಟ್-ಕಂಬೈನಿಂಗ್ ಸೇರಿಸಲು ಆಗಲಿಲ್ಲ, ವೇಗ ಕುಗ್ಗಬಹುದು ಎಂಬ ಎಚ್ಚರಿಕೆಯೂ ಇತ್ತು. ಯಂತ್ರ ತನ್ನ ಕಷ್ಟವನ್ನು ಅಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೂ ಅದನ್ನು ಓದಿದವರು ಯಾರೂ ಇರಲಿಲ್ಲ.

ಎಂಟಿಆರ್‌ಆರ್ ಎಂದರೆ ಮೆಮೊರಿ ಟೈಪ್ ರೇಂಜ್ ರಿಜಿಸ್ಟರ್. ಇಂಟೆಲ್ ಇದನ್ನು 1995ರ ಪೆಂಟಿಯಂ ಪ್ರೊ ಪ್ರೊಸೆಸರ್‌ನೊಂದಿಗೆ ತಂದಿತು. ಯಾವ ವಿಳಾಸದಿಂದ ಯಾವ ವಿಳಾಸದವರೆಗಿನ ಸ್ಮೃತಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಪ್ರೊಸೆಸರ್‌ಗೆ ತಿಳಿಸುವುದೇ ಈ ರಿಜಿಸ್ಟರ್‌ಗಳ ಕೆಲಸ. ಸಾಮಾನ್ಯ ರ‍್ಯಾಮ್ ರೈಟ್-ಬ್ಯಾಕ್ ಆಗಿರುತ್ತದೆ. ಬರೆದದ್ದು ಮೊದಲು ಪ್ರೊಸೆಸರ್‌ನೊಳಗಿನ ವೇಗದ ಸಣ್ಣ ಸ್ಮೃತಿಯಾದ ಕ್ಯಾಶ್‌ನಲ್ಲಿ ಕುಳಿತು, ಅನುಕೂಲವಾದಾಗ ಸ್ಮೃತಿಗೆ ಹೋಗುತ್ತದೆ. ಸಾಧನಗಳ ವಿಳಾಸಗಳು ಅನ್‌ಕ್ಯಾಶಬಲ್ ಆಗಿರಬೇಕು, ಏಕೆಂದರೆ ಅಲ್ಲಿ ಬರೆದದ್ದು ಕ್ಯಾಶ್‌ನಲ್ಲಿ ಉಳಿದುಬಿಟ್ಟರೆ ಸಾಧನಕ್ಕೆ ತಲುಪುವುದೇ ಇಲ್ಲ. ಗ್ರಾಫಿಕ್ಸ್ ಸ್ಮೃತಿಗೆ ಬೇಕಾದದ್ದು ಇವೆರಡೂ ಅಲ್ಲದ ರೈಟ್-ಕಂಬೈನಿಂಗ್. ಕಾಫಿ ಕುಯ್ಲಿನ ಸಮಯದಲ್ಲಿ ಹಣ್ಣು ಕುಯ್ಯುವವರು ಪ್ರತಿ ಹಿಡಿ ಹಣ್ಣಿಗೂ ತೂಕದ ಜಾಗಕ್ಕೆ ಓಡುವುದಿಲ್ಲ. ಚೀಲ ತುಂಬಿಸಿ ಒಮ್ಮೆಗೇ ಹೊತ್ತು ತರುತ್ತಾರೆ. ರೈಟ್-ಕಂಬೈನಿಂಗ್ ಮಾಡುವುದೂ ಅದನ್ನೇ: ಅಕ್ಕಪಕ್ಕದ ವಿಳಾಸಗಳ ಬರಹಗಳನ್ನು ಒಂದು ಸಣ್ಣ ಬಫರ್‌ನಲ್ಲಿ ಕೂಡಿಸಿ ಒಟ್ಟಿಗೆ ಸಾಗಿಸುತ್ತದೆ. ಅದು ತಪ್ಪಿ ಗ್ರಾಫಿಕ್ಸ್ ಸ್ಮೃತಿ ಅನ್‌ಕ್ಯಾಶಬಲ್ ಆಗಿಬಿಟ್ಟರೆ ಪ್ರತಿ ಹಿಡಿಗೂ ಒಂದು ಓಟ. ನನ್ನ ಪರದೆಯ ಪಟ್ಟಿಗಳಿಗೆ ಅದೇ ಕಾರಣವಾಗಿತ್ತು.

ಆದರೆ 2 ಜಿಬಿಯಲ್ಲಿ ಸರಿಯಿದ್ದದ್ದು 4 ಜಿಬಿಯಲ್ಲಿ ಏಕೆ ಕೆಟ್ಟಿತು? ಇದಕ್ಕೆ ಉತ್ತರ ಕರ್ನೆಲ್ ತನ್ನ ಸ್ಥಿತಿಯನ್ನು ತೋರಿಸುವ ಪ್ರೊಕ್ ಕೋಶದ ಎಂಟಿಆರ್‌ಆರ್ ಎಂಬ ಕಡತದಲ್ಲಿತ್ತು. ಈ ರಿಜಿಸ್ಟರ್‌ಗಳು ಕೆಲವೇ ಇರುತ್ತವೆ. ಹಳೆಯ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8 ಜೋಡಿ. ಒಂದೊಂದೂ ಹೇಳುವ ಅಳತೆ 256 ಎಂಬಿ, 512 ಎಂಬಿ, 1 ಜಿಬಿ, 2 ಜಿಬಿ ಹೀಗೆ ಎರಡರ ಘಾತವೇ ಆಗಿರಬೇಕು, ಆರಂಭದ ವಿಳಾಸವೂ ಆ ಅಳತೆಯ ಗುಣಕವಾಗಿರಬೇಕು. 3 ಜಿಬಿಯನ್ನು ಒಂದೇ ರಿಜಿಸ್ಟರ್‌ನಲ್ಲಿ ಹೇಳಲು ಬರುವುದಿಲ್ಲ. 4 ಜಿಬಿ ರ‍್ಯಾಮ್ ಹಾಕಿದಾಗ, 4 ಜಿಬಿ ಗಡಿಯ ಕೆಳಗಿನ ಒಂದಷ್ಟು ವಿಳಾಸಗಳು ಸಾಧನಗಳಿಗೆ ಮೀಸಲಾಗಿರುವುದರಿಂದ, ಅಲ್ಲಿ ಜಾಗ ಸಿಗದ ರ‍್ಯಾಮ್ ಆ ಗಡಿಯ ಮೇಲಕ್ಕೆ ಸರಿಯುತ್ತದೆ. ನನ್ನ ಯಂತ್ರದ ಬಯೋಸ್ (ಯಂತ್ರ ಚಾಲೂ ಆದಾಗ ಮೊದಲು ಓಡುವ ತಂತ್ರಾಂಶ) ಇದನ್ನು ಸುಲಭವಾಗಿ ಮುಗಿಸಿತ್ತು: ಸೊನ್ನೆಯಿಂದ 4096 ಎಂಬಿವರೆಗೆ ಇಡಿಯಾಗಿ ರೈಟ್-ಬ್ಯಾಕ್, 4096ರಿಂದ ಮುಂದಿನ 1024 ಎಂಬಿ ರೈಟ್-ಬ್ಯಾಕ್, ಮತ್ತು ಮೊದಲನೆಯದರ ಮೇಲೆಯೇ 3072ರಿಂದ 1024 ಎಂಬಿ ಅನ್‌ಕ್ಯಾಶಬಲ್. ಇಡೀ ತೋಟವನ್ನು ಒಬ್ಬರ ಹೆಸರಿಗೆ ಬರೆದು, ಅದರಲ್ಲೊಂದು ತುಂಡಿಗೆ ಇನ್ನೊಂದು ಪತ್ರ ಮಾಡಿದ ಹಾಗೆ. ಎರಡು ಒಂದರ ಮೇಲೊಂದು ಬಿದ್ದಾಗ ಅನ್‌ಕ್ಯಾಶಬಲ್ ಗೆಲ್ಲುತ್ತದೆ ಎಂಬ ನಿಯಮವಿರುವುದರಿಂದ ಯಂತ್ರವೇನೋ ನಡೆಯುತ್ತದೆ. ಆದರೆ ಗ್ರಾಫಿಕ್ಸ್‌ನ 256 ಎಂಬಿ ಕಿಂಡಿ 3328 ಎಂಬಿಯಿಂದ ಆರಂಭವಾಗುತ್ತಿತ್ತು, ಅಂದರೆ ಎರಡು ದಾಖಲೆಗಳೂ ಇರುವ ಜಾಗದ ನಟ್ಟನಡುವೆ. ಅಲ್ಲಿ ರೈಟ್-ಕಂಬೈನಿಂಗ್ ಬೇಕೆಂದು ಗ್ರಾಫಿಕ್ಸನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಕೇಳಿದಾಗ, ಈ ಜಾಗ ಆಗಲೇ ರೈಟ್-ಬ್ಯಾಕ್ ಹೆಸರಿನಲ್ಲಿದೆ ಎಂದು ಕರ್ನೆಲ್ ನಿರಾಕರಿಸಿತು. ಡ್ರೈವರನ್ನು ನೂರು ಸಲ ಮರುಸ್ಥಾಪಿಸಿದ್ದರೂ ಉತ್ತರ ಅದೇ ಬರುತ್ತಿತ್ತು.

ಕೆಲವು ಬಯೋಸ್‌ಗಳಲ್ಲಿ ಎಂಟಿಆರ್‌ಆರ್ ಮ್ಯಾಪಿಂಗ್ ಎಂಬ ಆಯ್ಕೆಯೇ ಇರುತ್ತದೆ. ಅದನ್ನು ಕಂಟಿನ್ಯೂಯಸ್‌ನಿಂದ ಡಿಸ್ಕ್ರೀಟ್‌ಗೆ ಬದಲಿಸಿದರೆ ಸಾಕು. ನನ್ನದರಲ್ಲಿ ಇರಲಿಲ್ಲ. ಹಾಗಾಗಿ ಕರ್ನೆಲನ್ನು ಆರಂಭಿಸಿಕೊಡುವ ಗ್ರಬ್‌ನ ಕರ್ನೆಲ್ ಸಾಲಿಗೆ ಎನೇಬಲ್, ಎಂಟಿಆರ್‌ಆರ್, ಕ್ಲೀನಪ್ ಎಂಬ ಮೂರು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ ಸೇರಿಸಿದೆ. ಕರ್ನೆಲ್ ಬಯೋಸ್‌ನ ಹಂಚಿಕೆಯನ್ನು ಬಿಚ್ಚಿ ತಾನೇ ಹೊಸದಾಗಿ ಬರೆಯಿತು: ಸೊನ್ನೆಯಿಂದ 2 ಜಿಬಿ, ಅಲ್ಲಿಂದ 1 ಜಿಬಿ, ಗಡಿಯ ಮೇಲೆ 1 ಜಿಬಿ, ಒಂದರ ಮೇಲೊಂದು ಬೀಳದ ಮೂರು ತುಂಡುಗಳು. ಉಳಿದ ಜಾಗ ತಾನಾಗಿ ಅನ್‌ಕ್ಯಾಶಬಲ್. ಕೆಲವು ಯಂತ್ರಗಳಲ್ಲಿ ಕರ್ನೆಲ್ ತಾನೇ ನಿರ್ಧರಿಸಲಾಗದೆ ಗ್ರ್ಯಾನ್ ಸೈಜ್ ಮತ್ತು ಚಂಕ್ ಸೈಜ್ ಎಂಬ ತುಂಡಿನ ಅಳತೆಗಳ ಉದ್ದನೆಯ ಪಟ್ಟಿಯನ್ನು ಮುಂದಿಡುತ್ತದೆ. ಆಗ ನಷ್ಟವಾಗುವ ರ‍್ಯಾಮ್ ಸೊನ್ನೆ ಎಂದಿರುವ ಸಾಲನ್ನೇ ಆರಿಸಬೇಕು, ಬ್ಯಾಡ್ ಎಂಬ ಗುರುತಿರುವುದನ್ನು ಮುಟ್ಟಬಾರದು. ಯಂತ್ರವನ್ನು ಮರಳಿ ಆರಂಭಿಸಿದಾಗ ಪುಟ ಮೊದಲಿನಂತೆ ಸರಾಗವಾಗಿ ಸರಿಯಿತು.

ಆದರೂ ನನಗೆ ಸಮಾಧಾನವಾಗಲಿಲ್ಲ. ಇಂದಿನ ಕರ್ನೆಲ್‌ಗಳಿಗೆ ಇದಕ್ಕಾಗಿ ಎಂಟಿಆರ್‌ಆರ್ ಬೇಕಾಗಿಯೇ ಇಲ್ಲ. 1999ರ ಪೆಂಟಿಯಂ 3ರೊಂದಿಗೆ ಬಂದ ಪ್ಯಾಟ್, ಅಂದರೆ ಪೇಜ್ ಆಟ್ರಿಬ್ಯೂಟ್ ಟೇಬಲ್, ಇದೇ ಕೆಲಸವನ್ನು ಸ್ಮೃತಿಯ 4 ಕೆಬಿಯ ಒಂದೊಂದು ಪುಟಕ್ಕೂ ಪ್ರತ್ಯೇಕವಾಗಿ ಮಾಡುತ್ತದೆ. ಲಿನಕ್ಸ್ ಅದನ್ನು 2008ರ 2.6.26 ಆವೃತ್ತಿಯಿಂದ ಬಳಸುತ್ತಿದೆ. ಎಂಟಿಆರ್‌ಆರ್ ಒಂದು ಜಾಗವನ್ನು ಅನ್‌ಕ್ಯಾಶಬಲ್ ಎಂದರೂ ಪ್ಯಾಟ್ ರೈಟ್-ಕಂಬೈನಿಂಗ್ ಎಂದರೆ ಪ್ಯಾಟ್‌ನ ಮಾತೇ ನಡೆಯುತ್ತದೆ. ಹಾಗಿದ್ದರೆ ನನ್ನ ಯಂತ್ರ ಹಳೆಯ ದಾರಿಯನ್ನೇ ಏಕೆ ಹಿಡಿದಿತ್ತು? ಅದೇ ಗ್ರಬ್ ಸಾಲಿನ ಕೊನೆಯಲ್ಲಿ ಪ್ಯಾಟನ್ನು ನಿಲ್ಲಿಸುವ 'ನೋಪ್ಯಾಟ್' ಎಂಬ ಪದವಿತ್ತು. ಹಿಂದೊಮ್ಮೆ ಪರದೆ ಮಿಣುಕುತ್ತಿದ್ದಾಗ ಎಲ್ಲಿಯೋ ಓದಿ ನಾನೇ ಅದನ್ನು ಸೇರಿಸಿದ್ದೆ. ರ‍್ಯಾಮ್ 2 ಜಿಬಿ ಇದ್ದಷ್ಟು ದಿನ ಎಂಟಿಆರ್‌ಆರ್‌ನ ದಾರಿ ತೆರೆದಿದ್ದರಿಂದ ಅದರ ಹಾನಿ ಕಾಣಿಸಲಿಲ್ಲ. 4 ಜಿಬಿಯಾದಾಗ ಆ ದಾರಿಯೂ ಮುಚ್ಚಿತು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ. ಅರ್ಥ ತಿಳಿಯದ ಆಯ್ಕೆಯನ್ನು ಕರ್ನೆಲ್ ಸಾಲಿಗೆ ಸೇರಿಸಬಾರದು. ಸೇರಿಸಲೇಬೇಕಾದರೆ ಯಾವ ದಿನ, ಯಾವ ಕಾರಣಕ್ಕೆ ಎಂದು ಬರೆದಿಡಬೇಕು. ತಂದೆಯವರು ಮಳೆಮಾಪಕವನ್ನು ಎರಡು ಗಜ ಆಚೆಗೆ ಸರಿಸಿದ್ದನ್ನೂ ತಾರೀಖಿನೊಂದಿಗೆ ಬರೆದಿದ್ದಾರೆ. ಅದರಿಂದಲೇ ಆ ಮುಂದಿನ ಅಂಕಿಗಳನ್ನು ನಾನು ನಂಬಬಲ್ಲೆ. ಎಂಟಿಆರ್‌ಆರ್ ಎಲ್ಲ ರ‍್ಯಾಮನ್ನೂ ಒಳಗೊಂಡಿಲ್ಲ ಎಂದು ಹೇಳಿ ಕರ್ನೆಲ್ ಒಂದಷ್ಟು ರ‍್ಯಾಮ್ ಕತ್ತರಿಸಿದಾಗ, ಆ ಕತ್ತರಿಸುವಿಕೆಯನ್ನೇ ತಡೆಯುವ ಆಯ್ಕೆಯನ್ನು ಹಲವರು ಸೂಚಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಕ್ಯಾಶ್ ಇಲ್ಲದ ಆ ರ‍್ಯಾಮ್ ಬಳಕೆಗೆ ಬಂದರೆ ಇಡೀ ಯಂತ್ರವೇ ತೆವಳುತ್ತದೆ.

ನೋಪ್ಯಾಟ್ ತೆಗೆದೆ. ಬಳಿಕ ಕ್ಲೀನಪ್ ಆಯ್ಕೆಯನ್ನೂ ತೆಗೆದು ನೋಡಿದೆ. ಪ್ರೊಕ್ ಕಡತದಲ್ಲಿ ಬಯೋಸ್‌ನ ಹಳೆಯ ಹಂಚಿಕೆಯೇ ಮರಳಿದೆ. ಡೀಬಗ್ ಕೋಶದ ಪ್ಯಾಟ್ ಪಟ್ಟಿಯಲ್ಲಿ ಗ್ರಾಫಿಕ್ಸ್‌ನ ವಿಳಾಸಗಳು ರೈಟ್-ಕಂಬೈನಿಂಗ್ ಎಂದೇ ಇವೆ, ಟೈಪ್ ಮಿಸ್‌ಮ್ಯಾಚ್ ಸಾಲು ಕಾಣೆಯಾಗಿದೆ. ಮುನ್ನೂರು ಡಿಪಿಐನ ಪುಟಗಳು ಬೆರಳಿನ ಜೊತೆಗೇ ಸರಿಯುತ್ತಿವೆ, ಮತ್ತು ಇಂದು ಬೆಳಿಗ್ಗೆ ತಂದೆಯವರ ಕೈಬರಹದ ಇನ್ನೊಂದು ಪುಸ್ತಕವನ್ನು, ಹೂಮಳೆಯ ಪುಟಗಳಿಂದಲೇ, ಆರಂಭಿಸಿದ್ದೇನೆ.